ತಲೆಗಳ ಮೇಲೊಂದು ಕ್ಯಾಮೆರಾ

ಸಂಗೀತ ಕಾರ್ಯಕ್ರಮದ ಫೋಟೊ ನೋಡಿದಾಗಲೆಲ್ಲ ನನ್ನೊಳಗೆ ಒಂದು ತಕರಾರು ಏಳುತ್ತದೆ. ಹಾಡುವವರು ಚೆನ್ನಾಗಿ ಬಂದಿರುತ್ತಾರೆ, ಮೈಕು ಚೆನ್ನಾಗಿ ಬಂದಿರುತ್ತದೆ, ಹಿಂದಿನ ಬ್ಯಾನರಿನಲ್ಲಿ ಪ್ರಾಯೋಜಕರ ಹೆಸರಂತೂ ಅಕ್ಷರ ಅಕ್ಷರ ಓದುವ ಹಾಗೆ ಬಂದಿರುತ್ತದೆ. ಕೇಳಲು ಬಂದವರು ಮಾತ್ರ ಎಲ್ಲಿಯೂ ಇರುವುದಿಲ್ಲ. ಇದ್ದರೂ ಮುಂದಿನ ಸಾಲಿನ ಸೋಫಾದಲ್ಲಿ ಕೂತ ಗಣ್ಯರು ಇರುತ್ತಾರೆ. ಅವರು ಕೇಳುತ್ತಿದ್ದಾರೆ ಎನ್ನಲು ಯಾವ ಪುರಾವೆಯೂ ಇರುವುದಿಲ್ಲ.

ಪಂಕ್ ಎಂಬ ಅಬ್ಬರದ ರಾಕ್ ಸಂಗೀತದ ಶೋಗಳ ಫೋಟೊದಲ್ಲಿ ಕಥೆ ಬೇರೆ. ಅಲ್ಲಿ ಹಾಡುವವನನ್ನೇ ಹುಡುಕಬೇಕು. ಒಂದೇ ಮೈಕಿಗೆ ಮೂರು ಬಾಯಿ, ಯಾರದೋ ಮೊಣಕೈ ಇನ್ಯಾರದೋ ಕೆನ್ನೆಗೆ, ಬೆವರಿಗೆ ಹಣೆಗಂಟಿದ ಕೂದಲು, ಬಲಮೂಲೆಯಲ್ಲಿ ಗಾಳಿಯಲ್ಲಿ ತೇಲುವ ಬೂಟಿನ ಅಟ್ಟೆ. ಆ ಬೂಟಿನ ಒಡೆಯ ಎಲ್ಲಿಂದ ಹಾರಿದ, ಎಲ್ಲಿ ಬಿದ್ದ ಎನ್ನುವುದು ಫೋಟೊದ ಹೊರಗಿನ ವಿಷಯ. ಒಳಗಿರುವುದು ಅವನ ಕೆಳಗೆ ಎತ್ತಿ ಹಿಡಿದ ಕೈಗಳು. ಇಂಥ ಫೋಟೊವನ್ನು ನಾನು ಗಂಟೆಗಟ್ಟಲೆ ನೋಡಬಲ್ಲೆ. ಮನೆಯಲ್ಲಿ ಇದನ್ನು ಹುಚ್ಚು ಎನ್ನುತ್ತಾರೆ.

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣ ದಂಡೆಯಲ್ಲಿ. ಕಲ್ಲೆಸೆದರೆ ಸಾಫ್ಟ್‌ವೇರಿನವರ ತಲೆಗೇ ಬೀಳುವ ಸೀಮೆ. ಕೈಯಲ್ಲಿ ಒಂದು ಒಳ್ಳೆಯ ಕ್ಯಾಮೆರಾ ಇದೆ ಎಂಬ ಒಂದೇ ಕಾರಣಕ್ಕೆ ಇಲ್ಲಿನ ಕನ್ನಡಿಗರ ಯುಗಾದಿ, ರಾಜ್ಯೋತ್ಸವಗಳ ಫೋಟೊ ತೆಗೆಯುವ ಹೊಣೆ ನನ್ನ ಕೊರಳಿಗೆ ಬಿದ್ದಿದೆ. ದೀಪ ಬೆಳಗುವುದು, ಶಾಲು ಹೊದಿಸುವುದು, ಸ್ಮರಣಿಕೆ ಕೊಡುವುದು. ಕೊಡುವವರು ಪಡೆಯುವವರಿಬ್ಬರೂ ಸ್ಮರಣಿಕೆ ಹಿಡಿದುಕೊಂಡೇ ನನ್ನತ್ತ ತಿರುಗಿ ಕಾಯುವುದು. ಕಾಯುವ ಮುಖಗಳನ್ನು ತೆಗೆದೂ ತೆಗೆದೂ ನನಗೆ ಸಾಕಾಗಿತ್ತು. ಕಾಯದ ಮುಖಗಳು ಸಿಕ್ಕಿದ್ದು ಬರ್ಕ್ಲಿಯಲ್ಲಿ. ಅಲ್ಲಿನ ಪಂಕ್ ಕ್ಲಬ್ಬಿಗೆ ಕರೆದುಕೊಂಡು ಹೋದವಳು ನಮ್ಮ ಸ್ನೇಹಿತರ ಮಗಳು. ಕಾಲೇಜು ಓದುತ್ತಾಳೆ, ಒಂದು ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಾಳೆ. “ಅಂಕಲ್, ನೀವು ಸ್ಟೇಜ್ ಮುಂದೆ ನಿಂತು ತೆಗೀತೀರಲ್ಲ, ಅಲ್ಲಿ ಹಾಗೆ ನಿಲ್ಲೋಕಾಗಲ್ಲ, ಸ್ವಲ್ಪ ಗಟ್ಟಿ ಶೂ ಹಾಕ್ಕೊಂಡ್ ಬನ್ನಿ” ಎಂದಿದ್ದಳು.

924 ಗಿಲ್ಮನ್ ಸ್ಟ್ರೀಟ್ ಆ ಜಾಗದ ವಿಳಾಸ, ಜನ ಕರೆಯುವ ಹೆಸರೂ ಅದೇ. ಎಂಟನೇ ಬೀದಿಯ ಮೂಲೆಯಲ್ಲಿರುವ ಗೋದಾಮು. ಕುರ್ಚಿಗೆ ಬೆತ್ತ ಹೆಣೆಯುವ ಸಾಮಾನು ಮಾರುವ ಅಂಗಡಿಯೊಂದು ಬಹಳ ಕಾಲ ಇದರ ಮಗ್ಗುಲಲ್ಲೇ ಇತ್ತು. ಒಂದು ಕಡೆ ತಾಳ್ಮೆಯಿಂದ ಬುಟ್ಟಿ ಹೆಣೆಯುವವರು, ಗೋಡೆಯಾಚೆ ತೊಂಬತ್ತು ಸೆಕೆಂಡಿನಲ್ಲಿ ಒಂದು ಹಾಡು ಮುಗಿಸುವವರು. ಇಂಥ ನೆರೆಹೊರೆ ಸಿಗುವುದು ಅಪರೂಪ. ಮೊದಲ ಶೋ ನಡೆದದ್ದು 1986ರ ಡಿಸೆಂಬರ್ 31ರ ರಾತ್ರಿ. ಕಟ್ಟಿದವರಲ್ಲಿ ಮುಖ್ಯರು ‘ಮ್ಯಾಕ್ಸಿಮಮ್ ರಾಕ್ ಎನ್ ರೋಲ್’ ಪತ್ರಿಕೆಯ ಟಿಮ್ ಯೊಹಾನನ್. ಬರ್ಕ್ಲಿಯ ಕೆಪಿಎಫ್‌ಎ ರೇಡಿಯೊದಲ್ಲಿ 1977ರಲ್ಲಿ ಕಾರ್ಯಕ್ರಮವಾಗಿ ಶುರುವಾಗಿ, 1982ರಲ್ಲಿ ಪತ್ರಿಕೆಯಾದದ್ದು ಅದು. ಗಿಲ್ಮನ್‌ಗೆ ಮಾಲೀಕನಿಲ್ಲ, ಲಾಭವಿಲ್ಲ. ಟಿಕೆಟ್ ಹರಿಯುವವರಿಂದ ಹಿಡಿದು ಕಕ್ಕಸು ತೊಳೆಯುವವರ ತನಕ ಎಲ್ಲರೂ ಸಂಬಳವಿಲ್ಲದೆ ಬಂದವರು. ಪುಟ್ಟ ಮಕ್ಕಳೂ ಬರಬಹುದು. ಮದ್ಯವಿಲ್ಲ, ಡ್ರಗ್ಸ್ ಇಲ್ಲ, ಹೊಡೆದಾಟವಿಲ್ಲ, ಬಣ್ಣದ ಮೇಲೆ ಹೆಣ್ಣಿನ ಮೇಲೆ ಹೀನ ಮಾತಿಲ್ಲ ಎಂಬ ಕಟ್ಟಳೆಗಳನ್ನು ಗೋಡೆಯ ಮೇಲೆಯೇ ಬರೆದಿದ್ದಾರೆ. ಪಂಕ್ ಎಂದರೆ ಅಂಕೆಯಿಲ್ಲದ್ದು ಎಂದುಕೊಂಡು ಹೋದ ನಮ್ಮಂಥವರು ಆ ಗೋಡೆ ಓದಿ ಸ್ವಲ್ಪ ಬೆಪ್ಪಾಗುತ್ತೇವೆ. ಮದ್ಯ ಮಾರಾಟವಿಲ್ಲದ ರಾಕ್ ಕ್ಲಬ್ಬು ಇಷ್ಟು ವರ್ಷ ಬಾಡಿಗೆ ಕಟ್ಟಿಕೊಂಡು ಬದುಕಿದೆ ಎಂಬುದನ್ನು ಬೆಂಗಳೂರಿನ ನನ್ನ ಗೆಳೆಯರು ನಂಬುವುದೇ ಇಲ್ಲ.

ಇನ್ನೊಂದು ಕಟ್ಟಳೆಯೂ ಇದೆ. ದೊಡ್ಡ ರೆಕಾರ್ಡ್ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡ ಬ್ಯಾಂಡಿಗೆ ಇಲ್ಲಿ ಜಾಗವಿಲ್ಲ. ಗ್ರೀನ್ ಡೇ ಇಲ್ಲೇ ಬೆಳೆದ ಹುಡುಗರ ತಂಡ. 1994ರಲ್ಲಿ ದೊಡ್ಡ ಕಂಪನಿಯಿಂದ ಅವರ ‘ಡೂಕಿ’ ಆಲ್ಬಂ ಬಂದು ಜಗತ್ತಿಡೀ ಹಾಡಿತು, ಗಿಲ್ಮನ್ ಅವರಿಗೆ ಬಾಗಿಲು ಹಾಕಿತು. ಮತ್ತೆ ಅವರು ಆ ವೇದಿಕೆ ಹತ್ತಿದ್ದು 2015ರಲ್ಲಿ, ಸಹಾಯಾರ್ಥ ಪ್ರದರ್ಶನವೊಂದಕ್ಕೆ. ತವರುಮನೆಯ ಮುನಿಸು ಇಷ್ಟು ದೀರ್ಘ ಇರಬಾರದಿತ್ತೇನೋ ಎಂದು ನನಗನಿಸಿದೆ. ಹಾಗಂತ ಅಲ್ಲಿ ಬಾಯಿ ಬಿಟ್ಟು ಹೇಳುವ ಧೈರ್ಯ ಮಾಡಿಲ್ಲ.

ಫೋಟೊ ತೆಗೆಯುವವನ ಕಣ್ಣಿಂದ ನೋಡಿದರೆ ಅದೊಂದು ಕೆಟ್ಟ ಜಾಗ. ಬೆಳಕು ಸಾಲದು, ಇರುವ ಬೆಳಕೂ ಬೇಡದ ಕಡೆಯಿಂದ ಬರುತ್ತದೆ. ವೇದಿಕೆ ಎಂಬುದು ಹತ್ತಲು ಮೆಟ್ಟಿಲೂ ಬೇಡದಷ್ಟು ತಗ್ಗು. ವೇದಿಕೆಗೂ ಜನಕ್ಕೂ ನಡುವೆ ಬೇಲಿಯಿಲ್ಲ. ಗೋದಾಮಿನೊಳಗೆ ಬಾಸ್ಕೆಟ್‌ಬಾಲಿನ ರಿಂಗೊಂದು ಬೇರೆ ಇದೆ. ಯಾವ ಚೌಕಟ್ಟು ಇಟ್ಟರೂ ಅದು ಇಣುಕುತ್ತದೆ. ಮೊದಲ ತಂತಿ ಮಿಡಿದ ಕೂಡಲೇ ಜನ ಸುತ್ತುವುದಕ್ಕೆ ಶುರು ಮಾಡುತ್ತಾರೆ. ಊರ ತೇರಿನ ಮಿಣಿ ಹಿಡಿದವರ ನಡುವೆ ಸಿಕ್ಕಿಕೊಂಡವರಿಗೆ ಈ ಅನುಭವ ಗೊತ್ತಿರುತ್ತದೆ: ಕಾಲು ನೆಲದ ಮೇಲಿದ್ದರೂ ಎಲ್ಲಿಗೆ ಹೋಗಬೇಕೆಂಬುದು ನಮ್ಮ ಕೈಯಲ್ಲಿರುವುದಿಲ್ಲ. ಬಿದ್ದರೆ ನಾಲ್ಕು ಕೈ ತಕ್ಷಣ ಎತ್ತುತ್ತವೆ. ಎತ್ತಿದ ಕೈಗಳೇ ಮರುಕ್ಷಣ ನೂಕುತ್ತವೆ.

ಈ ನೂಕಾಟದ ನಡುವೆ ಮೂವತ್ತಕ್ಕೂ ಹೆಚ್ಚು ವರ್ಷ ಫೋಟೊ ತೆಗೆದವರು ಮರ್ರೇ ಬೋಲ್ಸ್. ಹಗಲು ಕಂಪ್ಯೂಟರ್ ಪ್ರೋಗ್ರಾಮರ್, ಸಂಜೆ ಪಂಕ್ ಫೋಟೊಗ್ರಾಫರ್. ನಮ್ಮ ಪೈಕಿ ಅರ್ಧಕ್ಕರ್ಧ ಜನ ಮಾಡುವ ಕೆಲಸವನ್ನೇ ಮಾಡುತ್ತಿದ್ದವರು ಎಂಬುದು ನನಗೆ ಅವರ ಮೇಲಿನ ಅಕ್ಕರೆಗೆ ಒಂದು ಕಾರಣ. ಎಂಬತ್ತರ ದಶಕದ ಆರಂಭದಲ್ಲಿ ತೆಗೆಯತೊಡಗಿದಾಗಲೇ ಸುತ್ತಲಿನ ಹುಡುಗರಿಗಿಂತ ಅವರು ವಯಸ್ಸಿನಲ್ಲಿ ಹಿರಿಯರು. ಅವರ ವಿಧಾನ ಸರಳ. ಗುಂಪಿನ ನಟ್ಟನಡುವೆ ನಿಂತು, ಒಂದು ಕೈಯಲ್ಲಿ ಕ್ಯಾಮೆರಾವನ್ನು ಎಲ್ಲರ ತಲೆಗಳ ಮೇಲಕ್ಕೆ ಎತ್ತಿ, ಕಿಂಡಿಯಲ್ಲಿ ಕಣ್ಣಿಡದೆಯೇ ಗುಂಡಿ ಒತ್ತುವುದು. ಅಷ್ಟೇ. ಕಣ್ಣಿಡಲು ಹೋದರೆ ಆ ಜಾಗದಲ್ಲಿ ಕಣ್ಣು ಉಳಿಯುವ ಖಾತ್ರಿಯೂ ಇಲ್ಲ.

ಕೇಳಿದವರಿಗೆ ಇದು ಅದೃಷ್ಟದಾಟ ಅನ್ನಿಸಬಹುದು. ಆದರೆ ಇದರ ಹಿಂದೊಂದು ಲೆಕ್ಕವಿದೆ, ಆ ಲೆಕ್ಕ ಬಹಳ ಚಂದ. 28 ಎಂಎಂ ಲೆನ್ಸಿನ ಅಪರ್ಚರನ್ನು ಎಫ್ 8ಕ್ಕೆ ಇಟ್ಟು, ಫೋಕಸನ್ನು ಆರಡಿಗೆ ತಿರುಗಿಸಿ, ಬೇಕಿದ್ದರೆ ಟೇಪು ಹಚ್ಚಿ ಅಲ್ಲೇ ನಿಲ್ಲಿಸಿಬಿಡಿ. ಈಗ ಸುಮಾರು ನಾಲ್ಕಡಿಯಿಂದ ಹನ್ನೆರಡು ಅಡಿಯವರೆಗೆ ಇರುವುದೆಲ್ಲ ಸ್ಪಷ್ಟವಾಗಿಯೇ ಬರುತ್ತದೆ. ಪಂಕ್ ಶೋನಲ್ಲಿ ನಡೆಯುವುದೆಲ್ಲ ಆ ಎಂಟು ಅಡಿಯೊಳಗೇ. ಇನ್ನು ಫ್ಲ್ಯಾಶು: ಅದರ ಮಿಂಚು ಸೆಕೆಂಡಿನ ಸಾವಿರದಲ್ಲೊಂದು ಪಾಲೋ ಅದಕ್ಕೂ ಕಡಿಮೆಯೋ ಇರುವುದರಿಂದ ಹಾರುವವನು ಹಾರಿದಲ್ಲೇ ನಿಂತುಬಿಡುತ್ತಾನೆ, ಉಗುಳಿನ ಹನಿ ಕೂಡ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುವ ನಿಯಮ ಶಾಲೆಯಲ್ಲಿ ಓದಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹತ್ತಿರದ ಮುಖಗಳು ಹೊಳೆಯುತ್ತವೆ, ಹಿಂದಿನ ಗೋಡೆ, ಪೈಪು, ಆ ಬಾಸ್ಕೆಟ್‌ಬಾಲ್ ರಿಂಗು ಎಲ್ಲವೂ ಕಪ್ಪಿನಲ್ಲಿ ಮುಳುಗಿಹೋಗುತ್ತವೆ. ಪಂಕ್ ಫೋಟೊಗಳ ಆ ಕಡುಕಪ್ಪು ಹಿನ್ನೆಲೆಯನ್ನು ಯಾರೋ ವಿಮರ್ಶಕರು ನಿರಾಶೆಯ ಬಣ್ಣ ಎಂದೆಲ್ಲ ವ್ಯಾಖ್ಯಾನಿಸಿದರೆ ನಂಬಬೇಡಿ. ಅದು ಭೌತಶಾಸ್ತ್ರ.

ಲೆಕ್ಕ ಮುಗಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಯಾವಾಗ ಗುಂಡಿ ಒತ್ತಬೇಕು? ಮೂವತ್ತಾರು ಫೋಟೊಗಳ ರೀಲು. ಒಮ್ಮೆ ಮಿಂಚಿದ ಫ್ಲ್ಯಾಶು ಮತ್ತೆ ಚಾರ್ಜ್ ಆಗಲು ಕೀ ಎನ್ನುತ್ತ ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಅರ್ಧ ಹಾಡು ಹೋಗಿರುತ್ತದೆ. ಕಣ್ಣಿನ ಸಹಾಯ ಇಲ್ಲದವನು ಹಾಡನ್ನೇ ಕೇಳಿ ತಿಳಿಯಬೇಕು. ಇಲ್ಲಿ ಒಂದು ಕ್ಷಣ ತಡೆ ಬರುತ್ತದೆ, ತಡೆದದ್ದು ಬಿಟ್ಟಾಗ ಎಲ್ಲರೂ ಒಟ್ಟಿಗೆ ನೆಗೆಯುತ್ತಾರೆ ಎಂಬುದು ಹಾಡು ಬಾಯಿಪಾಠ ಇದ್ದವನಿಗೆ ಮಾತ್ರ ಗೊತ್ತು. ಹೀಗಾಗಿ ಬೋಲ್ಸ್ ಅವರ ಫೋಟೊ ನೋಡಿದರೆ ಇದನ್ನು ತೆಗೆದವರು ಈ ಹಾಡನ್ನು ಪ್ರೀತಿಸಿದವರು ಎಂದು ತಿಳಿದುಹೋಗುತ್ತದೆ. ಬಾಡಿಗೆಗೆ ಬಂದ ಫೋಟೊಗ್ರಾಫರ್ ಒಂದು ಗಳಿಗೆ ಹಿಂದೆಯೇ ಇರುತ್ತಾನೆ.

ಐಸೊಕ್ರಸಿ ಎಂಬ ಬ್ಯಾಂಡು ಗಿಲ್ಮನ್‌ನಲ್ಲಿ ಬಾರಿಸುವಾಗ ಮೂಟೆಗಟ್ಟಲೆ ಕಸ ತಂದು ಜನರ ಮೇಲೆ ಎರಚುತ್ತಿತ್ತು. ಜನ ಅದನ್ನೇ ಆಯ್ದು ವೇದಿಕೆಗೆ ವಾಪಸು ಎಸೆಯುತ್ತಿದ್ದರು. ಆ ಕಾಲದ ಫೋಟೊಗಳಲ್ಲಿ ಸಂಗೀತಗಾರರು, ಕೇಳುಗರು, ಕಸ ಮೂರೂ ಒಂದೇ ಎತ್ತರದಲ್ಲಿ ಗಾಳಿಯಲ್ಲಿವೆ. ಆಪರೇಷನ್ ಐವಿ ಎಂಬ ಇನ್ನೊಂದು ಬ್ಯಾಂಡು 1987ರಲ್ಲಿ ಹುಟ್ಟಿ ಎರಡೇ ವರ್ಷ ಬದುಕಿತು; 1989ರ ಮೇ 28ರಂದು ಇಲ್ಲೇ ಕೊನೆಯ ಶೋ ಮಾಡಿತು. ಒಂದೇ ಒಂದು ಪೂರ್ಣ ಆಲ್ಬಂ ಬಿಟ್ಟುಹೋದ ಆ ತಂಡ ವೇದಿಕೆಯ ಮೇಲೆ ಹೇಗಿತ್ತು ಎಂಬುದನ್ನು ಆಮೇಲೆ ಹುಟ್ಟಿದವರು ತಿಳಿದಿರುವುದು ಬಹುಪಾಲು ಇಂಥ ಫೋಟೊಗಳಿಂದಲೇ.

ಬೋಲ್ಸ್ ಬಗ್ಗೆ ನನಗೆ ಎಲ್ಲಕ್ಕಿಂತ ಇಷ್ಟವಾಗುವ ಸಂಗತಿ ಆಮೇಲಿನದು. ತೆಗೆದ ರೀಲು ತೊಳೆದು, ಪ್ರಿಂಟ್ ಹಾಕಿ, ಅವನ್ನೆಲ್ಲ ಡಬ್ಬಿಯಲ್ಲಿ ತುಂಬಿಕೊಂಡು ಮುಂದಿನ ಶೋಗೆ ಬರುತ್ತಿದ್ದರು. ಹುಡುಗರು ಮುತ್ತಿಗೆ ಹಾಕಿ ಡಬ್ಬಿ ತಡಕಾಡಿ ತಮ್ಮ ತಮ್ಮ ಮುಖ ಹುಡುಕಿಕೊಳ್ಳುತ್ತಿದ್ದರು. ಚಿಲ್ಲರೆ ಕಾಸಿಗೆ ಪ್ರಿಂಟ್ ಅವರದು. ಗಾಯಕನ ಫೋಟೊಕ್ಕೂ ಕೆಳಗೆ ಬಿದ್ದ ಹುಡುಗನ ಫೋಟೊಕ್ಕೂ ಒಂದೇ ದರ. ಆ ಡಬ್ಬಿಯಿಂದಲೇ ಫೋಟೊಗಳು ‘ಮ್ಯಾಕ್ಸಿಮಮ್ ರಾಕ್ ಎನ್ ರೋಲ್’ ಪುಟಗಳಿಗೆ, ಬ್ಯಾಂಡುಗಳ ರೆಕಾರ್ಡಿನ ಹೊದಿಕೆಗೆ, ಹಾಸ್ಟೆಲ್ಲಿನ ಗೋಡೆಗೆ ಹರಡಿದವು. ಕನ್ನಡ ಕಾರ್ಯಕ್ರಮಗಳಲ್ಲಿ ತೆಗೆದ ಫೋಟೊಗಳನ್ನು ನಾವು ಗೂಗಲ್ ಡ್ರೈವಿಗೆ ಏರಿಸಿ ಕೊಂಡಿ ಕಳಿಸುತ್ತೇವೆ. ಯಾರು ತೆರೆದರು, ಯಾರು ಬಿಟ್ಟರು, ದೇವರಿಗೇ ಗೊತ್ತು. ಕೈಗೆ ಬಂದ ಪ್ರಿಂಟಿನಲ್ಲಿ ತನ್ನನ್ನು ತಾನು ಕಂಡ ಹದಿನಾರರ ಹುಡುಗಿಗೆ ಈ ಜಾಗದಲ್ಲಿ ನನ್ನದೂ ಒಂದು ಲೆಕ್ಕವಿದೆ ಎಂದು ಅನ್ನಿಸಿರಲೇಬೇಕು. ಬೋಲ್ಸ್ 2019ರ ಡಿಸೆಂಬರಿನಲ್ಲಿ ತೀರಿಕೊಂಡರು. ‘ಮ್ಯಾಕ್ಸಿಮಮ್ ರಾಕ್ ಎನ್ ರೋಲ್’ ಅಚ್ಚಾಗುವುದು ನಿಂತದ್ದೂ ಅದೇ ವರ್ಷ.

ಎಲ್ಲರೂ ಹೀಗೆಯೇ ತೆಗೆದರು ಅಂತಲ್ಲ. ನ್ಯೂಯಾರ್ಕಿನ ಬೊವೆರಿ ಬೀದಿಯಲ್ಲಿ 1973ರಲ್ಲಿ ತೆರೆದ ಸಿಬಿಜಿಬಿ ಎಂಬ ಇಕ್ಕಟ್ಟು ಬಾರಿನಲ್ಲಿ ಡೇವಿಡ್ ಗಾಡ್ಲಿಸ್ ಫ್ಲ್ಯಾಶನ್ನು ಮುಟ್ಟುತ್ತಲೇ ಇರಲಿಲ್ಲ. ಬ್ರಸಾಯ್ ಎಂಬ ಫೋಟೊಗ್ರಾಫರ್ ಮೂವತ್ತರ ದಶಕದಲ್ಲಿ ತೆಗೆದ ಪ್ಯಾರಿಸ್ಸಿನ ರಾತ್ರಿಗಳನ್ನು ಕಂಡು ಮರುಳಾದವರು ಅವರು. ಟ್ರೈ-ಎಕ್ಸ್ ಫಿಲ್ಮು ಹಾಕಿಕೊಂಡು, ಬೀದಿದೀಪ, ಬಾರಿನ ಬಲ್ಬು ಇಷ್ಟರಲ್ಲೇ, ಕೈಯಲ್ಲಿ ಹಿಡಿದ ಕ್ಯಾಮೆರಾದ ಷಟರನ್ನು ಕಾಲು ಸೆಕೆಂಡಿನವರೆಗೂ ತೆರೆದಿಡುತ್ತಿದ್ದರು. ಕಾಲು ಸೆಕೆಂಡು ಉಸಿರು ಕಟ್ಟಿ ನಿಲ್ಲುವುದು ಎಷ್ಟು ಕಷ್ಟ ಎಂಬುದು ಪ್ರಯತ್ನಿಸಿದವರಿಗೇ ಗೊತ್ತು. ಅವರ ಚಿತ್ರಗಳಲ್ಲಿ ಬೆಳಕು ಸ್ವಲ್ಪ ಕದಡಿದೆ, ಮುಖಗಳು ಹೊಗೆಯೊಳಗಿಂದ ಎದ್ದು ಬಂದಂತಿವೆ. ಅದೇ ಬಾರಿನ ಬಾಗಿಲಲ್ಲಿ ಪ್ರವೇಶದ ದುಡ್ಡು ವಸೂಲಿ ಮಾಡುತ್ತಿದ್ದ ರಾಬರ್ಟಾ ಬೇಲಿ ತೆಗೆದ ಫೋಟೊವೇ 1976ರಲ್ಲಿ ಬಂದ ರಾಮೋನ್ಸ್ ತಂಡದ ಮೊದಲ ಆಲ್ಬಮ್ಮಿನ ಮುಖಪುಟವಾಯಿತು. ಇಟ್ಟಿಗೆ ಗೋಡೆಗೆ ಒರಗಿದ ನಾಲ್ವರು ಹುಡುಗರು, ಹರಿದ ಜೀನ್ಸು. ಆಮೇಲೆ ಬಂದ ಎಷ್ಟೋ ಬ್ಯಾಂಡುಗಳು ಒಂದೊಂದು ಇಟ್ಟಿಗೆ ಗೋಡೆ ಹುಡುಕಿಕೊಂಡು ನಿಂತವು. ಸಿಬಿಜಿಬಿ 2006ರಲ್ಲಿ ಮುಚ್ಚಿತು. ಆ ಜಾಗಕ್ಕೆ ದುಬಾರಿ ಬಟ್ಟೆಯಂಗಡಿ ಬಂತು. ಹರಿದ ಜೀನ್ಸಿಗೆ ಅಂಥ ಕಡೆ ಎಷ್ಟು ಬೆಲೆ ಇರುತ್ತದೆ ಎಂದು ಓದುಗರೇ ಊಹಿಸಿಕೊಳ್ಳಲಿ.

ಗಾಡ್ಲಿಸ್ ಚಿತ್ರಗಳು ಸುಂದರ. ಬೋಲ್ಸ್ ಚಿತ್ರಗಳು ಅಷ್ಟು ಸುಂದರವಲ್ಲ. ಆದರೂ ಒಂದನ್ನು ಆರಿಸು ಎಂದರೆ ನನ್ನ ಕೈ ಬೋಲ್ಸ್ ಡಬ್ಬಿಯ ಕಡೆಗೇ ಹೋಗುತ್ತದೆ.

ಪಂಕ್ ಫೋಟೊ ಎಂದ ಕೂಡಲೇ ಎಲ್ಲರಿಗೂ ನೆನಪಾಗುವ ಚಿತ್ರ ಪೆನ್ನಿ ಸ್ಮಿತ್ ತೆಗೆದದ್ದು. 1979ರ ಸೆಪ್ಟೆಂಬರ್, ನ್ಯೂಯಾರ್ಕಿನ ಪಲೇಡಿಯಂ. ಲಂಡನ್ನಿನ ಕ್ಲ್ಯಾಶ್ ತಂಡದ ಪಾಲ್ ಸಿಮೊನನ್ ತನ್ನ ಬೇಸ್ ಗಿಟಾರನ್ನು ತಲೆಕೆಳಗು ಹಿಡಿದು, ಬೆನ್ನು ಬಾಗಿಸಿ, ನೆಲಕ್ಕೆ ಅಪ್ಪಳಿಸಲಿರುವ ಗಳಿಗೆ. ಚಿತ್ರ ಫೋಕಸ್ಸಿನಲ್ಲಿಲ್ಲ, ಅವನು ತನ್ನತ್ತಲೇ ಬರುತ್ತಿದ್ದುದರಿಂದ ಸ್ಮಿತ್ ಹಿಂದೆ ಸರಿಯುತ್ತಾ ತೆಗೆದದ್ದು. ಇದು ಬೇಡ ಎಂದು ಆಕೆಯೇ ವಾದಿಸಿದರು. ಗಾಯಕ ಜೋ ಸ್ಟ್ರಮ್ಮರ್, ವಿನ್ಯಾಸಕಾರ ರೇ ಲೋರಿ ಕೇಳಲಿಲ್ಲ. ‘ಲಂಡನ್ ಕಾಲಿಂಗ್’ ಆಲ್ಬಮ್ಮಿನ ಮುಖಪುಟವಾಗಿ ಅದೇ ಬಂತು, ಎಲ್ವಿಸ್ ಪ್ರೆಸ್ಲಿಯ 1956ರ ಮೊದಲ ಆಲ್ಬಮ್ಮಿನಿಂದ ಎತ್ತಿದ ಗುಲಾಬಿ ಹಸಿರು ಅಕ್ಷರಗಳ ಜೊತೆಗೆ. ಸಿಮೊನನ್‌ಗೆ ಅಷ್ಟು ಸಿಟ್ಟು ಏಕೆ ಬಂತು ಎಂಬುದು ನನಗೆ ಚಿತ್ರದಷ್ಟೇ ಪ್ರಿಯವಾದ ಸಂಗತಿ. ಅಂದು ಕಾವಲಿನವರು ಪ್ರೇಕ್ಷಕರನ್ನು ಕುರ್ಚಿಯಿಂದ ಏಳಲು ಬಿಡುತ್ತಿರಲಿಲ್ಲವಂತೆ! ಎದುರಿಗೆ ಜನ ಸಾಲಾಗಿ ಕೂತು ನೋಡುತ್ತಿದ್ದಾರೆ, ತಾನು ಬಾರಿಸುತ್ತಿದ್ದೇನೆ, ಸಹಿಸಲಾಗಲಿಲ್ಲ. ಆ ಚಿತ್ರದಲ್ಲಿ ಪ್ರೇಕ್ಷಕರು ಕಾಣುವುದಿಲ್ಲ. ಚಿತ್ರದ ವಿಷಯ ಮಾತ್ರ ಅವರೇ.

ದೊಡ್ಡ ಕ್ರೀಡಾಂಗಣಗಳ ಶೋಗಳಲ್ಲಿ ಇಂದಿಗೂ ಫೋಟೊಗ್ರಾಫರ್‌ಗಳಿಗೆ ಒಂದು ಸಾಮಾನ್ಯ ನಿಯಮವಿದೆ: ಮೊದಲ ಮೂರು ಹಾಡು ಮಾತ್ರ, ಫ್ಲ್ಯಾಶ್ ಇಲ್ಲ, ಆಮೇಲೆ ಹೊರಗೆ. ಮೂರನೇ ಹಾಡಿಗೆ ಗಾಯಕರ ಮೇಕಪ್ಪು ಕೂಡ ಕರಗಿರುವುದಿಲ್ಲ. ಹೀಗಾಗಿ ಪತ್ರಿಕೆಯಲ್ಲಿ ಬರುವ ಚಿತ್ರಗಳೆಲ್ಲ ಇಸ್ತ್ರಿ ಮಾಸದ ಚಿತ್ರಗಳು. ಪಂಕ್‌ನಲ್ಲಿ ಒಳ್ಳೆಯ ಫೋಟೊ ಸಿಗುವುದು ಕೊನೆಯ ಮೂರು ಹಾಡಿನಲ್ಲಿ. ಅಷ್ಟರಲ್ಲಿ ಲೆನ್ಸಿಗೆ ಬೆವರಿನ ಆವಿ ಹಿಡಿದಿರುತ್ತದೆ, ಅದೂ ಚಿತ್ರಕ್ಕೆ ಒದಗಿಬರುತ್ತದೆ. ಲಾಸ್ ಏಂಜಲೀಸ್ ಕಡೆಯ ಎಡ್ವರ್ಡ್ ಕೋಲ್ವರ್ 1981ರಲ್ಲಿ ತೆಗೆದ ಒಂದು ಚಿತ್ರದಲ್ಲಿ ವೇದಿಕೆಯಿಂದ ಹಿಮ್ಮುಖ ಲಾಗ ಹಾಕಿದ ಹುಡುಗನೊಬ್ಬ ಜನರ ಮೇಲೆ ಪೂರ್ತಿ ತಲೆಕೆಳಗಾಗಿ ನಿಂತುಬಿಟ್ಟಿದ್ದಾನೆ. ಆತ ಯಾವ ಬ್ಯಾಂಡಿನವನೂ ಅಲ್ಲ. ವೇಸ್ಟೆಡ್ ಯೂತ್ ಎಂಬ ಬ್ಯಾಂಡು ಆ ಚಿತ್ರವನ್ನೇ ತನ್ನ ಆಲ್ಬಮ್ಮಿನ ಮುಖಪುಟ ಮಾಡಿಕೊಂಡಿತು. ತಮ್ಮ ಆಲ್ಬಮ್ಮಿಗೆ ತಮ್ಮ ಮುಖ ಬಿಟ್ಟು ಕೇಳಲು ಬಂದವನ ಅಂಗಾಲು ಹಾಕಿಕೊಳ್ಳುವ ದೊಡ್ಡಸ್ತಿಕೆ ಎಷ್ಟು ಗಾಯಕರಿಗೆ ಇದ್ದೀತು?

ಸ್ನೇಹಿತರ ಮಗಳ ವಿಷಯಕ್ಕೆ ಬಂದರೆ, ಅವಳು ನನಗೆ ಹಾಕಿದ್ದು ಒಂದೇ ಷರತ್ತು. “ಡ್ರಮ್ಸ್ ಹೊಡೆಯುವಾಗ ನನ್ನ ಮುಖ ಹೇಗಿರತ್ತೆ ಅಂತ ಗೊತ್ತು ಅಂಕಲ್. ಅದನ್ನೇ ತೆಗೀರಿ. ಚೆನ್ನಾಗಿ ಕಾಣೋ ಥರ ತೆಗೀಬೇಡಿ.” ಅವರ ಮನೆಯ ಹಾಲಿನಲ್ಲಿ ಅವಳ ಭರತನಾಟ್ಯ ರಂಗಪ್ರವೇಶದ ದೊಡ್ಡ ಚಿತ್ರವಿದೆ, ಕಣ್ಣಂಚಿನ ಕಾಡಿಗೆಯಿಂದ ಕಾಲ್ಗೆಜ್ಜೆಯವರೆಗೆ ಯಾವುದೂ ತಪ್ಪಿಲ್ಲ. ನಾನು ಕೊಟ್ಟ ಪ್ರಿಂಟಿನಲ್ಲಿ ಅವಳ ಬಾಯಿ ಸೊಟ್ಟಗಾಗಿದೆ, ಕಣ್ಣು ಮುಚ್ಚಿದೆ, ಎಡಗೈಯ ಕೋಲು ಮುರಿದು ಅದರ ಚೂರು ಕಿವಿಯ ಹತ್ತಿರ ಹಾರುತ್ತಿದೆ, ಹಿಂದಿನಿಂದ ಯಾರದೋ ಕೈ ಅವಳ ಸಿಂಬಲ್ ತಟ್ಟೆ ಬೀಳದ ಹಾಗೆ ಹಿಡಿದಿದೆ. ಅವಳ ತಾಯಿ ನೋಡಿ, “ಇದೇನ್ರೀ, ನಮ್ಮ ಹುಡುಗಿಗೆ ಯಾರೋ ಹೊಡೆದ ಹಾಗಿದೆಯಲ್ಲ” ಎಂದರು. ಒಂದು ವಾರ ಅದು ಪುಸ್ತಕದೊಳಗೆ ಅಡಗಿತ್ತು. ಆಮೇಲೆ ಫ್ರಿಜ್ಜಿನ ಬಾಗಿಲಿಗೆ ಬಂತು, ತಿರುಪತಿಯ ಮ್ಯಾಗ್ನೆಟ್ಟಿನ ಕೆಳಗೆ. ಈಗ ಬಂದವರಿಗೆಲ್ಲ ತೋರಿಸಿ “ಸಿಂಬಲ್ ಹಿಡಿದಿರೋದು ಯಾರ ಕೈ ಅಂತ ಇವಳು ಹೇಳ್ತಾನೇ ಇಲ್ಲ” ಎನ್ನುತ್ತಾರೆ.

ಈಗ ಎಲ್ಲರ ಕೈಯಲ್ಲೂ ಫೋನಿದೆ, ಎಲ್ಲರೂ ತಲೆಗಳ ಮೇಲೆ ಎತ್ತಿ ಹಿಡಿಯುತ್ತಾರೆ, ಬೋಲ್ಸ್ ಹಿಡಿದ ಹಾಗೆಯೇ. ವ್ಯತ್ಯಾಸ ಇಷ್ಟೇ: ಬೋಲ್ಸ್ ಕ್ಯಾಮೆರಾ ನೋಡುತ್ತಿರಲಿಲ್ಲ, ಇವರು ಫೋನ್ ಬಿಟ್ಟು ಬೇರೇನೂ ನೋಡುವುದಿಲ್ಲ. ಗಿಲ್ಮನ್‌ನಲ್ಲಿ ಈ ಪಿಡುಗು ಬೇರೆ ಕಡೆಗಿಂತ ಕಡಿಮೆ. ನೂಕಾಟದ ನಡುವೆ ಸಾವಿರ ಡಾಲರಿನ ಫೋನ್ ಎತ್ತಲು ಜನರಿಗೆ ಸಹಜವಾಗಿಯೇ ಭಯ.

ಶೋಗಳು ಈಗಲೂ ಹೆಚ್ಚಾಗಿ ವಾರಾಂತ್ಯದಲ್ಲೇ. ಫೋಟೊ ತೆಗೆಯಲು ಬೇರೆ ಪಾಸು ಬೇಡ. ಮಗ, ಮಗಳು, ಮೊಮ್ಮಕ್ಕಳು ಈ ಕಡೆ ಇದ್ದು, ನೀವು ಬಂದು ಸ್ಯಾನ್ ಫ್ರಾನ್ಸಿಸ್ಕೊದ ಸೇತುವೆ ನೋಡಿ ಮುಗಿದಿದ್ದರೆ ಒಂದು ಶನಿವಾರ ಸಂಜೆ ಬರ್ಕ್ಲಿಗೆ ಹೋಗಿ. ಗಟ್ಟಿ ಶೂ ಇರಲಿ, ಕಿವಿಗೆ ಹತ್ತಿ ಸಾಲದು, ಔಷಧಿ ಅಂಗಡಿಯಲ್ಲಿ ಇಯರ್‌ಪ್ಲಗ್ ಸಿಗುತ್ತದೆ, ಕೊಂಡುಕೊಳ್ಳಿ.